ಸೀಟು ಎರಡು ಕಟಕ್ ಮುಂದಕ್ಕೆ

ಮಾರ್ಚ್ ೪, ಬುಧವಾರ

…ಅಲ್ಲ ಅಲ್ಲ, ಹೀಗೆ ಹೇಳಿದ್ರೆ ಸರಿ ಬರಲ್ಲ. ಕ್ಷಮಿಸಪ್ಪಾ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ಮೂರನೇ ಸಲ. ಮೊದಲನೇ ಸಲ ಕೆಂಪು ಚುಕ್ಕೆ ಒತ್ತೋದನ್ನೇ ಮರೆತು ಹತ್ತು ನಿಮಿಷ ಮಾತಾಡಿದೆ. ಎರಡನೇ ಸಲ ಮೆಕ್ಯಾನಿಕ್‌ಗೆ ಬೈದಿದ್ದೇ ಜಾಸ್ತಿ ಆಯ್ತು, ಅಳಿಸಿಬಿಟ್ಟೆ. ಯಾರ ಹತ್ತಿರ ಕ್ಷಮೆ ಕೇಳ್ತಿದ್ದೀನೋ ನನಗೇ ಗೊತ್ತಿಲ್ಲ, ಈ ಫೋನಿನ ಹತ್ತಿರ ಇರಬೇಕು.

ಇಪ್ಪತ್ತು ವರ್ಷ ಡೈರಿ ಬರೆದೋನು ನಾನು. ಈ ವರ್ಷ ಬಿಟ್ಟೆ. ಈಗಿನ ಪೆನ್ನುಗಳ ಇಂಕು ನೀರು ನೀರು, ಬರೆದದ್ದು ಬರೆದೋನಿಗೇ ಕಾಣಲ್ಲ. ಡೈರಿಯ ಗೆರೆಗಳನ್ನೂ ಒತ್ತೊತ್ತಾಗಿ ಹೊಡೆದಿದ್ದಾರೆ, ಕಾಗದ ಉಳಿಸೋಕೆ ಇರಬೇಕು. ಅದಕ್ಕೇ ಮಾತಲ್ಲಿ. ಕಾರೊಳಗೆ ಕೂತು, ಗಾಜು ಏರಿಸಿ, ನನ್ನ ಪಾಡಿಗೆ ನಾನು.

ವಿಷಯ ಇಷ್ಟು. ಐದು ವಾರದ ಹಿಂದೆ, ಸಂಜೆ, ಬೇಕರಿ ತಿರುವಿನಲ್ಲಿ ಒಬ್ಬ ಹೆಂಗಸು ರಸ್ತೆ ದಾಟ್ತಿದ್ಲು. ನಾನು ಬ್ರೇಕ್ ಹಾಕಿದೆ. ಕಾರು ನಿಂತಾಗ ಅವಳಿಗೂ ಬಂಪರಿಗೂ ನಡುವೆ ಒಂದು ಗೇಣು. ಅವಳ ಚೀಲ ಬಿದ್ದು ಕಿತ್ತಳೆ ಹಣ್ಣೆಲ್ಲ ಕಾರಿನಡಿಗೆ ಉರುಳಿದ್ವು. ಪಕ್ಕದಲ್ಲಿದ್ದ ನನ್ನ ಹೆಂಡತಿ ಇಳಿದು ಒಂದೊಂದಾಗಿ ಆರಿಸಿಕೊಟ್ಲು. ವಾಪಸ್ ಬಂದು ಕೂರ್ಲಿಲ್ಲ. ಅಲ್ಲಿಂದ ನಡ್ಕೊಂಡೇ ಮನೆಗೆ ಬಂದ್ಲು. ಬಂದು ಒಂದೇ ಮಾತು: "ಕಣ್ಣು ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೂ ನಾನು ನಿಮ್ಮ ಕಾರಲ್ಲಿ ಕೂರಲ್ಲ."

ಕಣ್ಣು! ನಾನು ಪಂಪ್ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂದಲೆಳೆ ಬಿರುಕು ಹುಡುಕಿ ಬದುಕಿದೋನು. ಬೆನ್ನ ಹಿಂದೆ ಎಲ್ಲರೂ ನನ್ನ 'ರಿಜೆಕ್ಟ್ ಸಾರ್' ಅಂತಾರೆ, ಗೊತ್ತು ನನಗೆ. ನಾನಂದೆ, "ಕಣ್ಣಲ್ಲ ಮಾರಾಯ್ತಿ, ಬ್ರೇಕು. ತುಳಿದೆ, ಹಿಡೀಲಿಲ್ಲ." ಅವಳು ಒಳಗೆ ಹೋಗಿ ಅನ್ನಕ್ಕಿಟ್ಲು. ಜಗಳ ಆಡಿದ್ರೆ ಗೆಲ್ಲಬಹುದು, ಸುಮ್ಮನಿದ್ರೆ ಏನು ಮಾಡೋದು?

ಹಾಗಾಗಿ ನಿನ್ನೆ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ನಾಲ್ಕೂ ಚಕ್ರ ಬಿಚ್ಚಿ, ಹಿಂದಿನ ಡಿಸ್ಕನ್ನೂ, ಅಂದ್ರೆ ಬ್ರೇಕ್ ಹಿಡಿಯೋ ಉಕ್ಕಿನ ತಟ್ಟೆಯನ್ನೂ, ಕಳಚಿ ನೋಡಿ, "ಸಾರ್, ಹಿಂದಿನ ಡಿಸ್ಕ್ ಎರಡೂ ಹೊಸದು ಹಾಕ್ಬೇಕು" ಅಂದ. ನೋಡಿದ್ಯಾ! ನನ್ನ ಎದೆ ಮೇಲಿನ ಕಲ್ಲು ಇಳೀತು. "ಆದ್ರೆ ಸಾರ್…" ಅಂತ ಏನೋ ಶುರು ಮಾಡಿದ. ಆದ್ರೆ ಗೀದ್ರೆ ಯಾಕೆ, ಡಿಸ್ಕ್ ಹೋಗಿದೆ ಅಂದ ಮೇಲೆ ಹೋಗಿದೆ. ಆಮೇಲೆ ಕೈ ಒರೆಸಿಕೊಳ್ತಾ ಕೇಳಿದ: "ಗಾಡಿ ಬೇರೆ ಯಾರಾದ್ರೂ ಓಡಿಸ್ತಾರಾ ಸಾರ್?"

"ಯಾರೂ ಇಲ್ಲ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ಸುಮ್ನೆ ಯಾರಾದ್ರೂ ಅಂಥ ಪ್ರಶ್ನೆ ಕೇಳ್ತಾರಾ? ಹೋದ ತಿಂಗಳು ಇವನೂ ನನ್ನ ಭಾಮೈದನೂ, ಅಂದ್ರೆ ಇವಳ ತಮ್ಮ, ಅಂಗಡಿ ಮುಂದೆ ನಿಂತು ನಗ್ತಾ ಮಾತಾಡ್ತಿದ್ದದ್ದು ನೋಡಿದ್ದೆ. ನನ್ನ ನೋಡಿ ಇಬ್ಬರೂ ಬಾಯಿ ಮುಚ್ಚಿದ್ರು. ಇವನ ಕೈಗೆ ಕೊಡಲ್ಲ ನಾನು. ಡಿಸ್ಕ್ ತರಿಸ್ಕೊಂಡು ಮನೇಲೇ ಹಾಕ್ತೀನಿ. ಹಾಕಿ, ಇವಳನ್ನ ಕೂರಿಸ್ಕೊಂಡು ಅದೇ ಬೇಕರಿ ತಿರುವಿಗೆ ಹೋಗಿ ನಿಲ್ಲಿಸಿ ತೋರಿಸ್ತೀನಿ.

ಮಾರ್ಚ್ ೭, ಶನಿವಾರ

ಸೀಟು ಮುಂದೆ ಬಂದಿದೆ.

ನಿಧಾನವಾಗಿ ಹೇಳ್ತೀನಿ. ಬೆಳಗ್ಗೆ ಕಾರಿನೊಳಗೆ ಕೂತೆ, ಮೊಣಕಾಲು ಸ್ಟೀರಿಂಗಿಗೆ ತಾಗ್ತು. ಹಿಂದಕ್ಕೆ ತಳ್ಳಿದೆ, ಎಣಿಸಿದೆ: ಕಟಕ್, ಕಟಕ್. ಎರಡು ಕಟಕ್ ಮುಂದಿತ್ತು. ಒಳಗಿನ ಕನ್ನಡಿಯೂ ಕೆಳಕ್ಕೆ ಬಾಗಿದೆ, ಅದರಲ್ಲಿ ನನ್ನ ಗಲ್ಲ ಮಾತ್ರ ಕಾಣ್ತಿತ್ತು.

ನಾನು ಫ್ಯಾಕ್ಟರಿ ಬಸ್ಸಲ್ಲಿ ಓಡಾಡೋನು. ವಾರವೆಲ್ಲ ಕಾರು ಮನೆ ಪಕ್ಕದ ಶೆಡ್ಡಲ್ಲೇ ಇರುತ್ತೆ. ಇನ್ನೊಂದು ಕೀಲಿ ಅಡುಗೆಮನೆ ಮೊಳೆ ಮೇಲೆ. ಆ ಮೊಳೆ ಎಲ್ಲಿದೆ ಅಂತ ಭಾಮೈದನಿಗೆ ಚೆನ್ನಾಗಿ ಗೊತ್ತು, ನೀರು ಕುಡಿಯೋ ನೆಪದಲ್ಲಿ ನೇರವಾಗಿ ಅಡುಗೆಮನೆಗೇ ಹೋಗ್ತಾನೆ.

ಆದ್ರೆ ಅವನು ನನಗಿಂತ ಒಂದು ಗೇಣು ಉದ್ದ! ಅವನು ಕೂತ್ರೆ ಸೀಟು ಹಿಂದಕ್ಕೆ ಹೋಗ್ಬೇಕು, ಮುಂದಕ್ಕಲ್ಲ. ಅಂದ್ರೆ ಇನ್ಯಾರೋ ಕುಳ್ಳಗಿನೋರು. ಮೂವತ್ತೈದು ದಾಟಿದ್ರೂ ಮದುವೆ ಆಗದೆ ಇರೋ ಗಂಡಸು, ಬೇರೆಯವರ ಕಾರು, ಕುಳ್ಳಗಿನ ಯಾರೋ ಒಬ್ಬರು. ಲೆಕ್ಕ ಹಾಕೋಕೆ ತಪಾಸಣೆ ವಿಭಾಗವೇ ಬೇಕಾಗಿಲ್ಲ.

ಓಡಿದ ದೂರ ತೋರಿಸೋ ಟ್ರಿಪ್ ಮೀಟರ್ ಸೊನ್ನೆ ಮಾಡಿದೆ. ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಹೆಂಡತಿ ಕಿಟಕಿಯಿಂದ ಕೇಳಿದ್ಲು, "ಏನ್ರೀ ಅದು, ಚಕ್ರಕ್ಕೆ ಚಿತ್ರ ಬರೀತಿದ್ದೀರಾ?"

"ಗಾಳಿ ಕಡಿಮೆ ಆಗುತ್ತಾ ನೋಡೋಕೆ" ಅಂದೆ.

"ಹೂಂ" ಅಂದ್ಲು. ಆ 'ಹೂಂ' ಸ್ವಲ್ಪ ಉದ್ದ ಇತ್ತು.

ಮಾರ್ಚ್ ೧೦, ಮಂಗಳವಾರ

ಹನ್ನೊಂದು ಕಿಲೋಮೀಟರ್. ಗೆರೆ ಮುರಿದಿದೆ. ಸೀಟು ಎರಡು ಕಟಕ್ ಮುಂದೆ.

ಸಂಜೆ ಭಾಮೈದನಿಗೆ ಫೋನ್ ಹಚ್ಚಿದೆ. "ಏನಪ್ಪಾ, ಆರಾಮಾ?"

"ಆರಾಮು ಭಾವ. ನೀವು?"

"ನಾನೂ ಆರಾಮು. ಇವತ್ತು ಎಲ್ಲಿದ್ದೆ?"

"ಕೆಲಸದಲ್ಲೇ ಭಾವ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ಮೆಕ್ಯಾನಿಕ್ ಮಾತು ನನ್ನ ಬಾಯಲ್ಲಿ ಬಂತಲ್ಲ ಅಂತ ಆಮೇಲೆ ಅನ್ನಿಸ್ತು.

ಇವಳಿಗೆ ಹೇಳ್ಬೇಕು ಅಂದ್ಕೊಂಡೆ. ತಮ್ಮನ ಮೇಲೆ ಪ್ರಾಣ ಅವಳಿಗೆ, ನೊಂದ್ಕೊಳ್ತಾಳೆ. ಪಾಪ, ಸ್ಕೂಟರ್ ಹಾರ್ನ್ ಹೊಡೆದ್ರೂ ಎದೆ ಹಿಡ್ಕೊಳ್ಳೋ ಜೀವ. ಈ ಕಾರಿನ ವ್ಯವಹಾರದಲ್ಲಿ ಅವಳನ್ನ ಯಾಕೆ ಎಳೆಯೋದು. ಮೊದಲು ಬ್ರೇಕ್ ಕೆಲಸ ಮುಗೀಲಿ.

ಡಿಸ್ಕ್ ಬಂದಿವೆ. ಡಬ್ಬಿ ಮೇಲಿನ ಅಕ್ಷರ ಎಷ್ಟು ಸಣ್ಣದಾಗಿ ಅಚ್ಚು ಹಾಕಿದ್ದಾರೆ ಅಂದ್ರೆ, ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಅರ್ಥ.

ಮಾರ್ಚ್ ೧೪, ಶನಿವಾರ

ಬೆಳಗ್ಗೆ ಏಳಕ್ಕೇ ಶುರು. ಎಲ್ಲಾ ಕ್ರಮದ ಪ್ರಕಾರ. ಶೆಡ್ಡಿನ ನೆಲ ರಸ್ತೆ ಕಡೆಗೆ ಸ್ವಲ್ಪ ಇಳಿಜಾರು, ಅದಕ್ಕೆ ಮುಂದಿನ ಚಕ್ರಗಳಿಗೆ ಎರಡೂ ಕಡೆ ಇಟ್ಟಿಗೆ ಕೊಟ್ಟೆ, ಕಾರು ಗೇರಲ್ಲಿ ಹಾಕಿದೆ, ಹ್ಯಾಂಡ್‌ಬ್ರೇಕನ್ನ ಎರಡೂ ಕೈಯಲ್ಲಿ ಎಳೆದೆ. ನೆಲದಲ್ಲಿರುವಾಗಲೇ ನಟ್ಟು ಸಡಿಲ ಮಾಡಿ, ಆಮೇಲೆ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಕಾರನ್ನ ಒಮ್ಮೆ ಅಲ್ಲಾಡಿಸಿ ನೋಡಿದೆ. ಬಂಡೆ ಥರ ನಿಂತಿತ್ತು.

ಬಲಗಡೆ ಚಕ್ರ ಬಿಚ್ಚಿದೆ. ಕ್ಯಾಲಿಪರ್ ಅಂದ್ರೆ ಡಿಸ್ಕನ್ನ ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯೋ ಭಾಗ. ಅದನ್ನ ಬಿಚ್ಚಿ, ಪೈಪಿನಲ್ಲಿ ಜೋತುಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಡಿಸ್ಕನ್ನ ಹಿಡಿದಿರೋ ಸಣ್ಣ ಸ್ಕ್ರೂ ಎರಡೂ ಬಂದ್ವು. ಇನ್ನೇನು ಡಿಸ್ಕ್ ಕೈಗೆ ಬರ್ಬೇಕು.

ಬರ್ಲಿಲ್ಲ.

ಎಳೆದೆ. ಬರ್ಲಿಲ್ಲ. ತುಕ್ಕು ಬಿಡಿಸೋ ಎಣ್ಣೆ ಹೊಡೆದು ಒಂದು ಗಂಟೆ ಕಾದೆ. ಮರದ ಸುತ್ತಿಗೆ, ಆಮೇಲೆ ಕಬ್ಬಿಣದ್ದು. ತಿರುಗಿಸೋಣ ಅಂದ್ರೆ ತಿರುಗೋದೂ ಇಲ್ಲ, ಹಟ ಹಿಡಿದು ಕೂತಿದೆ. ಪಕ್ಕದ ಮನೆಯ ಮೇಷ್ಟ್ರು ಗೋಡೆ ಮೇಲಿಂದ ತಲೆ ಹಾಕಿ, "ಏನು ಸಾರ್, ದೇವಸ್ಥಾನಕ್ಕೆ ಗಂಟೆ ಮಾಡ್ತಿದ್ದೀರಾ?" ಅಂದ್ರು. ಮಧ್ಯಾಹ್ನ ಎಡಗಡೆಗೆ ಹೋದೆ. ಅದೂ ಅಷ್ಟೇ.

ಈಗ ಯೋಚನೆ ಮಾಡು. ಹನ್ನೊಂದು ದಿನದ ಹಿಂದೆ ಮೆಕ್ಯಾನಿಕ್ ಇದೇ ಎರಡು ಡಿಸ್ಕನ್ನ ಸಲೀಸಾಗಿ ಬಿಚ್ಚಿ ಹಾಕಿದ, ನನ್ನ ಕಣ್ಣೆದುರಿಗೇ. ಹನ್ನೊಂದು ದಿನದಲ್ಲಿ ಅಷ್ಟು ತುಕ್ಕು ಹಿಡಿಯುತ್ತಾ? ಇಲ್ಲ. ವಾಪಸ್ ಹಾಕುವಾಗ ಏನೋ ಮಾಡಿದ್ದಾನೆ. ಅಂಟೋ, ಬೆಸುಗೆಯೋ. ಬೇರೆ ಯಾರೂ ಬಿಚ್ಚಬಾರದು, ಮತ್ತೆ ತನ್ನ ಹತ್ತಿರವೇ ಬರ್ಬೇಕು ಅಂತ.

ಕೈ ಊದಿದೆ. ಫೋನ್ ಹಿಡಿಯೋಕೂ ಆಗ್ತಿಲ್ಲ, ತೊಡೆ ಮೇಲೆ ಇಟ್ಕೊಂಡು ಹೇಳ್ತಿದ್ದೀನಿ.

ಮಾರ್ಚ್ ೧೫, ಭಾನುವಾರ

ಬೆಳಗ್ಗೆಯಿಂದ ಮತ್ತೆ ಸುತ್ತಿಗೆ. ಹನ್ನೊಂದರ ಹೊತ್ತಿಗೆ ಇವಳು ಟೀ ತಂದ್ಲು. ಲೋಟ ಇಟ್ಟು ಹೋಗ್ಬೇಕಲ್ಲ, ಹೋಗ್ಲಿಲ್ಲ. ಸೆರಗಲ್ಲಿ ಕೈ ಒರೆಸಿಕೊಳ್ತಾ ನೋಡ್ತಾ ನಿಂತ್ಲು.

"ಹ್ಯಾಂಡ್‌ಬ್ರೇಕ್ ಇಳಿಸಿದ್ದೀರೇನ್ರೀ?"

"ಏನು?"

"ಹ್ಯಾಂಡ್‌ಬ್ರೇಕು. ಇಳಿಸಿದ್ದೀರಾ?"

"ನಿನಗೆ ಗೊತ್ತಿಲ್ಲದ ವಿಷಯ. ಹೋಗು ಒಳಗೆ" ಅಂದೆ. "ಸರಿ ಬಿಡಿ" ಅಂತ ಹೋದ್ಲು.

ಅವಳು ಒಳಗೆ ಹೋದಳಾ ಅಂತ ನೋಡಿ, ಕಾರಿನ ಬಾಗಿಲು ತೆಗೆದು, ಹ್ಯಾಂಡ್‌ಬ್ರೇಕ್ ಇಳಿಸಿದೆ. ವಾಪಸ್ ಬಂದು ಡಿಸ್ಕಿಗೆ ಕೈ ಹಾಕಿದೆ. ಡಬ್ಬಿಯ ಮುಚ್ಚಳ ಬರೋ ಹಾಗೆ ನನ್ನ ಮಡಿಲಿಗೆ ಬಂತು.

ಒಂದೂವರೆ ದಿನ. ಕಾರು ಉರುಳಿಬಿಟ್ಟೀತು ಅಂತ ನಾನೇ ಎರಡು ಕೈಯಲ್ಲಿ ಎಳೆದದ್ದು. ಡಿಸ್ಕಿನ ನಡುವೆ ಬೋಗುಣಿ ಥರ ಇದೆ, ಅದರೊಳಗೆ ಹ್ಯಾಂಡ್‌ಬ್ರೇಕಿನ ಎರಡು ಪುಟ್ಟ ಶೂ, ಅಂದ್ರೆ ಬಿಲ್ಲಿನ ಥರ ಬಾಗಿದ ಪಟ್ಟಿಗಳು, ಕೂತಿರ್ತವೆ. ಎಳೆದಿಟ್ರೆ ಅವು ಅಗಲವಾಗಿ ಒಳಗಿಂದ ಡಿಸ್ಕನ್ನ ಕಚ್ಚಿಹಿಡೀತವೆ. ನಾನು ಹೊರಗಿಂದ ಬಡೀತಿದ್ದೆ. ಈ ಭಾಗ ಯಾರಿಗೂ ಹೇಳೋ ಅಗತ್ಯ ಇಲ್ಲ.

ಆದ್ರೆ ಮುಖ್ಯ ವಿಷಯ ಅದಲ್ಲ. ಆ ಬೋಗುಣಿ ಒಳಗೆ ಪೂರ್ತಿ ಸುಟ್ಟು ನೀಲಿಯಾಗಿದೆ. ಶೂ ಕರಕಲು. ಹ್ಯಾಂಡ್‌ಬ್ರೇಕ್ ಎಳೆದಿಟ್ಟೇ ಓಡಿಸಿದ್ರೆ ಮಾತ್ರ ಹಾಗಾಗೋದು, ಅದೂ ಒಂದು ದಿನ ಅಲ್ಲ, ಹತ್ತಾರು ಸಲ. ಹೊಸದಾಗಿ ಕಲಿಯೋರು ಮಾಡೋ ತಪ್ಪು.

ಹೊರಗಿನ ಮೈಯ ದಪ್ಪವನ್ನ, ಅಳತೆಯ ಸಣ್ಣ ಸಣ್ಣ ಗೆರೆಗಳಿರೋ ನನ್ನ ವರ್ನಿಯರ್‌ನಲ್ಲಿ ಅಳೆದೆ, ಅಂಚಿನ ತುಕ್ಕಿನ ದಿಬ್ಬ ತಾಗದ ಹಾಗೆ. ಎಂಟು ಮಿಲಿಮೀಟರಿಗಿಂತ ಕಡಿಮೆಯಾದ್ರೆ ಎಸೀಬೇಕು ಅಂತ ಡಿಸ್ಕಿನ ಮೇಲೇ ಕೊರೆದಿರ್ತಾರೆ. ನನಗೆ ಬಂದದ್ದು ಏಳೂ ಎಂಟು, ಅಂದ್ರೆ ಏಳು ಪಾಯಿಂಟ್ ಎಂಟು. ಕಣ್ಣಲ್ಲ, ಬ್ರೇಕೇ! ಶೆಡ್ಡಿನ ಬಲ್ಬು ಮಂಕು, ಮೂರು ಸಲ ಬಾಗಿಲ ಬೆಳಕಿಗೆ ಹಿಡಿದು ನೋಡ್ಬೇಕಾಯ್ತು, ಆದ್ರೂ ಏಳೂ ಎಂಟೇ.

ಕುಣೀಬೇಕಿತ್ತು ನಾನು. ಕುಣೀಲಿಲ್ಲ. ಅವಳ ಮಾತೇ ತಲೆಯಲ್ಲಿ ತಿರುಗ್ತಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲ ಅವಳ ಬಾಯಲ್ಲಿ 'ಹ್ಯಾಂಡ್‌ಬ್ರೇಕ್' ಅನ್ನೋ ಪದ ಕೇಳಿಲ್ಲ ನಾನು. ಇವಳಿಗೆ ಹೇಗೆ ಗೊತ್ತು?

ಇವಳ ಎತ್ತರ ಎಷ್ಟು? ನನ್ನ ಭುಜ.

ಎರಡು ಕಟಕ್.

ಮಾರ್ಚ್ ೧೬, ಸೋಮವಾರ

ಕೇಳ್ಲಿಲ್ಲ. ಅವಳೂ ಹೇಳ್ಲಿಲ್ಲ.

ಮಾರ್ಚ್ ೧೭, ಮಂಗಳವಾರ

ಗಂಡನಿಗೆ ಹೇಳದೆ ಕಾರು ಕಲಿಯೋ ಹೆಂಗಸು ಎಲ್ಲಿಗೋ ಹೋಗೋಕೆ ಕಲೀತಿರ್ತಾಳೆ. ಎಲ್ಲಿಗೆ? ಊಟ ಬಡಿಸುವಾಗ ಅವಳ ಮುಖ ನೋಡಿದೆ. "ಏನ್ರೀ, ಉಪ್ಪು ಕಡಿಮೆ ಆಯ್ತಾ?" ಅಂದ್ಲು. "ಸರಿಯಾಗಿದೆ" ಅಂದೆ. ಕಡಿಮೆಯೇ ಇತ್ತು.

ಮಾರ್ಚ್ ೧೮, ಬುಧವಾರ

ಕೆಲಸ ಮುಗೀತು. ಹೊಸ ಶೂ, ಹೊಸ ಪ್ಯಾಡು. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡೀದೆ ಇರೋಕೆ ಎಣ್ಣೆ ಸವರಿರ್ತಾರೆ, ಅದನ್ನ ಒರೆಸದೆ ಹಾಕಿದ್ರೆ ಬ್ರೇಕ್ ಜಾರುತ್ತೆ. ಒರೆಸಿ, ಮತ್ತೆ ಒರೆಸಿ, ಬಿಳಿ ಬಟ್ಟೆಯಲ್ಲಿ ಕಲೆ ಬರದ ತನಕ ಒರೆಸಿದೆ. ಹ್ಯಾಂಡ್‌ಬ್ರೇಕನ್ನ ಹಿಡಿ ಐದು ಹಲ್ಲು ಮೇಲೆ ಬಂದಾಗ ಬಿಗಿಯೋ ಹಾಗೆ ಹೊಂದಿಸಿದೆ. ಪೆಡಲ್ ಗಟ್ಟಿಯಾಗುವ ತನಕ ತುಳಿದೆ. ಕೆಲಸದಲ್ಲಿ ಯಾರೂ ಬೆರಳು ತೋರಿಸೋ ಹಾಗಿಲ್ಲ.

"ನಾಳೆ ಬಾ, ಬೇಕರಿ ತಿರುವಿಗೆ ಹೋಗಿ ಬರೋಣ" ಅಂದೆ.

"ಕಣ್ಣು ತೋರಿಸ್ಕೊಂಡು ಬನ್ನಿ, ಆಮೇಲೆ."

"ಬ್ರೇಕ್ ಹೊಸದು ಕಣೇ!"

"ಗೊತ್ತು. ಎರಡು ದಿನ ಬೀದಿಗೆಲ್ಲ ಕೇಳ್ಸಿದ್ದೀರಲ್ಲ."

ಮಾರ್ಚ್ ೧೯, ಗುರುವಾರ

ಒಬ್ಬನೇ ಹೋದೆ. ಬೆಳಗ್ಗೆ ಖಾಲಿ ರಸ್ತೆಯಲ್ಲಿ ಡಿಸ್ಕ್ ಪಳಗಿಸೋಕೆ ಇಪ್ಪತ್ತು ಸಲ ನಿಧಾನಕ್ಕೆ ಬ್ರೇಕ್ ಹಾಕಿ ಹಾಕಿ ಬಂದಿದ್ದೆ. ಚಿನ್ನದಂಥ ಬ್ರೇಕು. ಸಂಜೆ ಬೇಕರಿ ತಿರುವಿಗೆ ಹೋದೆ, ಅದೇ ಹೊತ್ತು.

ಎದುರಿಗೆ ಯಾರೋ ನಿಂತಿದ್ರು. ಬ್ರೇಕ್ ಹಾಕಿದೆ. ಗಕ್ ಅಂತ ನಿಂತಿತು. ನೋಡಿದ್ರೆ ಮನುಷ್ಯ ಅಲ್ಲ, ಅಂಗಡಿಯವನು ಹೊರಗಿಟ್ಟಿರೋ ಹಲಗೆ, ಅದಕ್ಕೆ ನೇತುಹಾಕಿದ ಚೀಲ. ನಕ್ಕೆ. ನಗ್ತಾ ಮುಂದಕ್ಕೆ ಬಿಟ್ಟೆ. ಆಗ ಧಡಾರ್ ಅಂತ ಬಾನೆಟ್ ಮೇಲೆ ಏಟು. ಒಬ್ಬ ಮುದುಕರು, ಕಾರಿಗೆ ಅಂಟಿಕೊಂಡೇ ನಿಂತಿದ್ದಾರೆ, ಕೈಯಲ್ಲಿ ಹಾಲಿನ ಪಾತ್ರೆ. ಅಂಗೈಯಿಂದ ಬಾನೆಟ್ ಬಡಿದು, "ಕಾಣಲ್ವೇನಯ್ಯಾ?" ಅಂದ್ರು.

ಬಿಳಿ ಅಂಗಿ ಹಾಕಿದ್ರು. ಬಿಳಿ.

ಬ್ರೇಕ್ ತುಳಿದ್ರೆ ನಿಲ್ಲುತ್ತೆ. ನಾನು ತುಳಿದೇ ಇರ್ಲಿಲ್ಲ.

ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್, ಮೊದಲ ಗೇರಲ್ಲೇ ಬಂದೆ. ಒಂದು ಸೈಕಲ್ ನನ್ನ ದಾಟಿಕೊಂಡು ಹೋಯ್ತು. ಈಗ ಶೆಡ್ಡಲ್ಲಿ ಕೂತಿದ್ದೀನಿ. ಅವರ ಅಂಗೈ ಗುರುತು ಬಾನೆಟ್ ಮೇಲೆ ಹಾಗೇ ಇದೆ, ಧೂಳಲ್ಲಿ, ಐದೂ ಬೆರಳು. ಹತ್ತಿರದ್ದಾದ್ರೆ ಕಾಣುತ್ತೆ ನನಗೆ.

ಮಾರ್ಚ್ ೨೦, ಶುಕ್ರವಾರ

ಸಂಜೆ ಹಳೇ ಡಿಸ್ಕನ್ನ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟೆ. ವರ್ನಿಯರ್ ತಂದೆ. ಇವಳನ್ನ ಕರೆದೆ.

ಇವಳಿಗೆ ವರ್ನಿಯರ್ ಓದೋದು ಬರುತ್ತೆ. ಮದುವೆಗೆ ಮುಂಚೆ ಉಂಗುರದ ಅಳತೆ ತಗೊಳ್ಳೋಕೆ ನಾನು ಅವಳ ಮನೆಗೆ ಇದನ್ನೇ ಜೇಬಲ್ಲಿ ಹಾಕ್ಕೊಂಡು ಹೋಗಿದ್ದೆ. ಇವಳು ಬೆರಳು ಚಾಚಿ, "ಇದನ್ನ ಹೇಗೆ ಓದೋದು?" ಅಂದಿದ್ಲು. ಬಾಗಿಲ ಹಿಂದೆ ನಿಂತು ಕಿಸಿಕಿಸಿ ನಕ್ಕಿದ್ದ ಚಡ್ಡಿ ಹುಡುಗನೇ ಈ ಭಾಮೈದ.

"ಇದನ್ನ ಓದು" ಅಂದೆ. ನಾನೇ ಡಿಸ್ಕಿಗೆ ಹಿಡಿದು ಬಿಗಿದುಕೊಟ್ಟೆ.

ಅವಳು ಬಗ್ಗಿ ನೋಡಿದ್ಲು. "ಒಂಬತ್ತೂ ಆರು."

"ಸರಿಯಾಗಿ ನೋಡು."

"ಒಂಬತ್ತೂ ಆರೇ ರೀ."

"ಏಳೂ ಎಂಟಲ್ವಾ? ಬಲ್ಬು…"

"ಬಲ್ಬು ಸರಿಯಾಗಿದೆ" ಅಂದ್ಲು. ಮೆತ್ತಗೆ ಹೇಳಿದ್ಲು. ಅದು ಜೋರಾಗಿ ಹೇಳಿದ್ದಕ್ಕಿಂತ ಕೆಟ್ಟದು.

ಅಂದ್ರೆ ಹೊರಮೈ ಚೆನ್ನಾಗೇ ಇತ್ತು. ಕಾರು ನಿಲ್ಲಿಸೋ ಭಾಗ ಚೆನ್ನಾಗೇ ಇತ್ತು. ಸುಟ್ಟಿದ್ದು ಒಳಗಡೆ ಮಾತ್ರ. ಮೆಕ್ಯಾನಿಕ್ "ಆದ್ರೆ ಸಾರ್" ಅಂದಿದ್ದು ಇದನ್ನೇ ಇರಬೇಕು.

ಡಿಸ್ಕನ್ನ ಮಗುಚಿ ಆ ನೀಲಿ ತೋರಿಸಿದೆ. "ಇದು ನೀನಾ?"

ಅವಳು ಬೆರಳಿಂದ ಮುಟ್ಟಿ ನೋಡಿದ್ಲು. "ಅಯ್ಯೋ, ಇಷ್ಟೊಂದಾ! ಎರಡು ವಾರ ಹ್ಯಾಂಡ್‌ಬ್ರೇಕ್ ಇಳಿಸೋದೇ ಮರೀತಿದ್ದೆ. ಏನೋ ವಾಸನೆ ಬರುತ್ತೆ ಅಂದ್ರೆ, ನನ್ನ ತಮ್ಮ ಪಕ್ಕದಲ್ಲಿ ಕೂತು ಯಾರೋ ಕಸ ಸುಡ್ತಿದ್ದಾರೆ ಅಕ್ಕಾ ಅಂತಿದ್ದ. ದಡ್ಡ. ಆಮೇಲೆ ಮೆಕ್ಯಾನಿಕ್ ಬೈದ ಅವನಿಗೆ."

"ಎಲ್ಲಿಗೆ ಹೋಗೋಕೆ ಕಲೀತಿದ್ದೀಯ?"

ಈ ಪ್ರಶ್ನೆಯನ್ನ ಐದು ದಿನ ಬಾಯಲ್ಲೇ ಇಟ್ಕೊಂಡಿದ್ದೆ.

ಅವಳು ನನ್ನ ಮುಖ ನೋಡಿದ್ಲು. "ಅದನ್ನೇ ಯೋಚನೆ ಮಾಡ್ತಾ ಕೂತಿದ್ರಾ ಇಷ್ಟು ದಿನ? ಉಪ್ಪಿಲ್ಲದ ಸಾರು ಉಂಡ್ಕೊಂಡು?" ಅಂದ್ಲು. "ಎಲ್ಲಿಗೂ ಇಲ್ಲ. ನೀವು ಎಲ್ಲಿಗೆ ಹೋಗ್ತೀರೋ ಅಲ್ಲಿಗೆ. ನೀವು ಆ ಕಡೆ ಸೀಟಲ್ಲಿ."

"ನನಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವೇ ಕಲಿಸ್ತೀನಿ ಅಂತ ಬರ್ತಿದ್ರಿ. ಮೊದಲನೇ ದಿನವೇ ನನ್ನ ರಿಜೆಕ್ಟ್ ಮಾಡ್ತಿದ್ರಿ."

ಇವಳಿಗೂ ಗೊತ್ತಾ ಆ ಹೆಸರು!

ನಗಬೇಕೋ ಬೇಡವೋ ಗೊತ್ತಾಗ್ಲಿಲ್ಲ. ಹಾಲಿನ ಪಾತ್ರೆಯ ಮುದುಕರ ವಿಷಯ ಹೇಳಿದೆ. ಅವಳು ವರ್ನಿಯರನ್ನ ಒರೆಸಿ, ಅದರ ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿದ್ಲು.

ಮಾರ್ಚ್ ೨೧, ಶನಿವಾರ

ಕಣ್ಣಿನ ಡಾಕ್ಟರ ಹತ್ತಿರ ಹನ್ನೊಂದಕ್ಕೆ ಬರ್ತೀವಿ ಅಂತ ನಾನೇ ಫೋನ್ ಮಾಡಿ ಹೇಳಿದ್ದೀನಿ. ಸುಮ್ನೆ ಒಂದು ಸಲ ನೋಡ್ಲಿ. ಅವರ ಯಂತ್ರಗಳನ್ನ ಯಾವಾಗ ತಪಾಸಣೆ ಮಾಡಿಸಿದ್ದಾರೆ ಅಂತ ಮೊದಲು ಕೇಳ್ತೀನಿ. ಪೊರೆ ಗಿರೆ ಅಂದ್ರೆ ಇನ್ನೊಬ್ಬ ಡಾಕ್ಟರ ಹತ್ತಿರವೂ ಹೋಗ್ತೀನಿ, ಇದ್ದಕ್ಕಿದ್ದ ಹಾಗೆ ನಂಬೋಕಾಗುತ್ತಾ?

ಬೆಳಗ್ಗೆ ಭಾಮೈದ ಬಂದು ಹಿಂದೆ ಮುಂದೆ ಕಲಿಯೋರ ಕೆಂಪು ಅಕ್ಷರದ ಚೀಟಿ ಅಂಟಿಸಿ ಹೋದ. ಸೊಟ್ಟ ಅಂಟಿಸಿದ್ದ. ಅಥವಾ ನನಗೆ ಸೊಟ್ಟ ಕಂಡಿತೋ. ಇವಳನ್ನ ಕೇಳಿದೆ, "ಸೊಟ್ಟವೇ" ಅಂದ್ಲು. ನೋಡಿದ್ಯಾ. ಕಿತ್ತು ನೇರ ಮಾಡಿದೆ. ಬಾನೆಟ್ ತೊಳೆದೆ. ನಿಮ್ಮಕ್ಕನ ಪಕ್ಕದಲ್ಲಿ ಕೂರುವಾಗ ಏನು ಹೇಳ್ಬೇಕಪ್ಪಾ ಅಂತ ಅವನ ಹತ್ತಿರ ಕೇಳಿದ್ದೆ. "ಏನೂ ಹೇಳ್ಬೇಡಿ ಭಾವ. ಬಾಗಿಲ ಮೇಲಿನ ಹಿಡಿ ಹಿಡ್ಕೊಳ್ಳಿ, ಅಷ್ಟೇ" ಅಂದ. ಇವನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿಲ್ಲ ಇನ್ನೂ. ಕಸ ಸುಡ್ತಿದ್ದಾರೆ ಅಂದೋನು ಅವನು.

ಸೀಟನ್ನ ಎರಡು ಕಟಕ್ ಮುಂದಕ್ಕೆ ಎಳೆದಿಟ್ಟೆ. ಬೇರೆ ಏನಕ್ಕೂ ಅಲ್ಲ, ಕೆಳಗಿನ ಹಳಿಗೆ ಗ್ರೀಸ್ ಹಾಕಿದ್ದೆ, ಸಲೀಸಾಗಿ ಸರಿಯುತ್ತಾ ಅಂತ ನೋಡೋಕೆ. ಕನ್ನಡಿಯನ್ನೂ ನನ್ನ ಗಲ್ಲ ಕಾಣೋ ತನಕ ಬಗ್ಗಿಸಿದೆ. ಈಗ ಪಕ್ಕದ ಸೀಟಲ್ಲಿ ಕೂತು ಹೇಳ್ತಿದ್ದೀನಿ. ಇಲ್ಲಿಂದ ರಸ್ತೆ ಬೇರೆ ಥರವೇ ಕಾಣುತ್ತೆ, ಕಾಲಿಗೆ ಕೆಲಸ ಇಲ್ಲ. ಬಲಗಾಲು ಆಗಲೇ ಎರಡು ಸಲ ಇಲ್ಲದ ಬ್ರೇಕ್ ತುಳೀತು. ಅದೂ ಕಲೀಬೇಕು.

ಟ್ರಿಪ್ ಮೀಟರ್ ಸೊನ್ನೆ ಮಾಡಿಲ್ಲ. ಮರೆತೆ. ಮಾಡೋಣ ಅಂದ್ರೆ ಗುಂಡಿ ಆ ಕಡೆ ಇದೆ, ಬಗ್ಗಬೇಕು… ಇರ್ಲಿ ಬಿಡು.

ಬಂದ್ಲು. ಹತ್ತಿ ಕೂತ್ಲು. ಬೆಲ್ಟು ಹಾಕ್ಕೊಂಡ್ಲು. ಕನ್ನಡಿ ನೋಡಿದ್ಲು, ಕನ್ನಡಿಗೆ ಕೈ ಹಾಕೋಕೆ ಹೋಗಿ ಸುಮ್ಮನಾದ್ಲು. ಸೀಟನ್ನ ಒಂದು ಸಲ ಅಲ್ಲಾಡಿಸಿ ನೋಡಿದ್ಲು. ಈಗ ನನ್ನನ್ನ ನೋಡ್ತಿದ್ದಾಳೆ.

"ಯಾರ ಹತ್ತಿರ ರೀ ಅಷ್ಟು ಹೊತ್ತಿಂದ ಮಾತು?"

ಯಾರ ಹತ್ತಿರಾನೂ ಇಲ್ಲ ಕಣೇ.

"ಹಾಗಾದ್ರೆ ಅದನ್ನ ಇಟ್ಟು ಇಲ್ಲಿ ನೋಡಿ. ಹ್ಯಾಂಡ್‌ಬ್ರೇಕ್ ಇಳಿಸಿದ್ದೀನಾ?"

ಇಳಿಸಿದ್ದೀಯ. ಇರು, ಇಡ್ತೀನಿ.